ಮಾವನವರು ಅಗೆದು ತೆಗೆದ ಬಾಂದಗಲ್ಲು

ನನ್ನ ಮಾವನವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಸಂಗ ಬಿಟ್ಟು ಹೊರಕ್ಕೆ ಚಾಚಿಕೊಂಡಿತ್ತು. ಯಾವ ಚಪ್ಪಲಿಯೂ ಅದಕ್ಕೆ ಹೊಂದುತ್ತಿರಲಿಲ್ಲ. ಮುನವಳ್ಳಿಯ ಎರೆಹೊಲಕ್ಕೂ ಬರಿಗಾಲು, ಚರ್ಚಿಗೂ ಬರಿಗಾಲು. ಸಭೆಯ ಹಿರಿಯರಾಗಿದ್ದರೂ ಉಪದೇಶ ಮಾಡುವ ಚಟ ಅವರಿಗಿರಲಿಲ್ಲ. ಅದೊಂದು ನನ್ನ ಪುಣ್ಯ.

ಆದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ, ನಾವು ಆಗಮನ ಕಾಲ ಎನ್ನುವ ಆ ದಿನಗಳಲ್ಲಿ, ಮನೆಯವರ ಜೀವ ತಿನ್ನುತ್ತಿದ್ದರು. ಬೇರೆಯವರಿಂದ ಇಸಿದುಕೊಂಡು ತಂದದ್ದೆಲ್ಲ ಹಬ್ಬಕ್ಕೆ ಮೊದಲು ಅವರವರ ಮನೆ ಸೇರಬೇಕು. ಜರಡಿ, ಕುಡಗೋಲು, ಒಂದು ವರ್ಷ ಯಾರದೋ ಮುರುಕು ಛತ್ರಿ ಕೂಡ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದಿಂದ ಸೊಸೆಯಾಗಿ ಬಂದ ನಾನು ಇದನ್ನು ಕಂಡು ಒಳಗೊಳಗೇ ನಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ, ಆಗಮನದ ಮೂರನೆಯ ಭಾನುವಾರ, ಊಟಕ್ಕೆ ಕುಳಿತವರು ತಟ್ಟೆ ಮುಟ್ಟಲಿಲ್ಲ. ಹರೆಯದಲ್ಲಿ ತಾವು ಮಾಡಿದ್ದನ್ನು ಹೇಳಿದರು. ಪಕ್ಕದ ಹೊಲದ ಗಡಿಗಿದ್ದ ಬಾಂದಗಲ್ಲನ್ನು ಇದ್ದಲ್ಲೇ ನೆಲದಲ್ಲಿ ಹೂತು, ಬದುವನ್ನು ಎರಡು ಮಾರು ಆಚೆ ಸರಿಸಿದ್ದರಂತೆ. ಆ ಹೊಲದ ಯಜಮಾನರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ನಾವು ದೊಡ್ಡವ್ವ ಎನ್ನುತ್ತಿದ್ದ ಅವರ ಹೆಂಡತಿ ಎಂದೂ ಈ ಮಾತು ಎತ್ತಿರಲಿಲ್ಲ. ಆ ಎರಡು ಮಾರು ನೆಲ ಹಬ್ಬಕ್ಕೆ ಮೊದಲು ದೊಡ್ಡವ್ವನ ಕೈ ಸೇರಬೇಕು ಎಂದರು ಮಾವನವರು.

ಆ ಪಟ್ಟಿಯಲ್ಲಿ ನಾನೇ ಕಳೆ ತೆಗೆದ ಜೋಳ ಎದೆಮಟ್ಟಕ್ಕೆ ಬೆಳೆದು ನಿಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಸುಗ್ಗಿಯಾದ ಮೇಲೆ ದೊಡ್ಡವ್ವನಿಗೆ ಎರಡು ಚೀಲ ಜೋಳ ಮುಟ್ಟಿಸೋಣ, ಹಳೆಯದನ್ನು ಕೆದಕುವುದು ಬೇಡ ಎಂದರು ನನ್ನ ಗಂಡ.

“ಕಾಳು ಕೊಟ್ರ ದಾನ ಆಗತೈತಿ. ನೆಲಾ ಬಿಟ್ಟುಕೊಟ್ರ ತಪ್ಪು ಒಪ್ಪಿಕೊಂಡಂಗ,” ಎಂದರು ಮಾವನವರು. “ದೇವರು ಕೇಳಾಕತ್ತಿದ್ದು ಇದನ್ನ. ಬ್ಯಾರೆ ಏನ್ ಕೊಟ್ರೂ ಒಲ್ಲೆ ಅಂತಾನ.”

ಮರುದಿನ ಬೆಳಿಗ್ಗೆ ದೊಡ್ಡವ್ವನನ್ನು ಹೊಲಕ್ಕೆ ಕರೆತಂದು, ಅವರೆದುರೇ ಅಗೆಯಲು ಶುರುಮಾಡಿದರು. ಎಪ್ಪತ್ತರ ವಯಸ್ಸು. ಮಗನಿಗೆ ಗುದ್ದಲಿ ಮುಟ್ಟಗೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಕಂಡಿತು. ನೆಲವೂ ನಿಮ್ಮದು, ಮೇಲಿನ ಬೆಳೆಯೂ ನಿಮ್ಮದು ಎಂದು ಕೈಮುಗಿದರು.

ದೊಡ್ಡವ್ವ ಕಲ್ಲನ್ನೇ ನೋಡುತ್ತ ಕುಳಿತುಬಿಟ್ಟರು. “ನಮ್ಮವರು ಸಾಯೂತನಕ ಇಲ್ಲೇ ಕಲ್ಲಿತ್ತು ಅಂತಿದ್ರು. ತಲಿ ಕೆಟ್ಟೈತಿ ಅಂತ ಮಂದಿ ನಕ್ಕರು. ನಾನೂ ನಕ್ಕೆ.”

ಮಾವನವರ ಮುಖ ಕಪ್ಪಿಟ್ಟಿತು. ನೆಲ ಕೊಟ್ಟರೆ ಮುಗಿಯಿತು ಎಂದುಕೊಂಡು ಬಂದವರು ಅವರು. ಆ ವಾರವೆಲ್ಲ ಊರ ಕಟ್ಟೆಯ ಮೇಲೆ, ಹಾಲಿನ ಡೈರಿಯ ಮುಂದೆ, ಕೊನೆಗೆ ನಾಲ್ಕನೆಯ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಆ ಮನುಷ್ಯನ ತಲೆ ನೆಟ್ಟಗಿತ್ತು, ಕಳ್ಳ ನಾನು ಎಂದು ಹೇಳಿದರು. ಕೆಲವರು ಅವರನ್ನೂ ನೋಡಿ ನಕ್ಕರು. ಅವರು ನಿಲ್ಲಿಸಲಿಲ್ಲ. ಹಿರಿಯರ ಸ್ಥಾನವನ್ನೂ ಬಿಟ್ಟುಕೊಟ್ಟರು. ಚರ್ಚಿನಲ್ಲಿ ನಾನು ನಾಚಿಕೆಯಿಂದ ಮುಖದ ಮೇಲೆ ಸೆರಗು ಎಳೆದುಕೊಂಡಿದ್ದೆ. ಮನೆಗೆ ಬಂದು ಅವರ ಕಾಲಿಗೆ ನೀರು ಕೊಡುವಾಗ ಅಳು ತಡೆಯಲಾಗಲಿಲ್ಲ. ಅಂಥವರ ಸೊಸೆ ಎನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ ಎಂದು ಅವತ್ತು ತಿಳಿಯಿತು.

ನಾಲ್ಕು ವರ್ಷಕ್ಕೆ ಅವರು ತೀರಿಕೊಂಡರು. ಮಣ್ಣು ಕೊಡುವ ಹೊತ್ತಿಗೆ ದೊಡ್ಡವ್ವ ಕೋಲೂರಿಕೊಂಡು ಬಂದರು. ನಾವೆಲ್ಲ ಸರಿದು ದಾರಿ ಬಿಟ್ಟೆವು. ಕುಣಿಯ ಅಂಚಿಗೆ ನಿಂತು, ಪಕ್ಕದ ಮನೆಯವರೊಂದಿಗೆ ಮಾತಾಡುವ ದನಿಯಲ್ಲೇ ಹೇಳಿದರು:

“ನಮ್ಮವರ ಮಾತು ಖರೇ ಮಾಡಿದ್ರಿ. ಅಲ್ಲೆ ಅವರು ಸಿಗತಾರ. ಅಂಜಬ್ಯಾಡ್ರಿ, ಮಾತಾಡಸ್ರಿ.”