ಅಪ್ಪ ಕಾಶಿಯಲ್ಲಿ ಬಿಟ್ಟ ಪಡವಲಕಾಯಿ

ಮೊನ್ನೆ ತೀರ್ಥಹಳ್ಳಿಯಿಂದ ಸಾಗರಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿನ ಕೈಚೀಲದಿಂದ ಎರಡು ಪಡವಲಕಾಯಿಗಳು ಹೊರಗೆ ಇಣುಕಿದ್ದವು. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅವು ನನ್ನ ಮೊಣಕೈಗೆ ಉಜ್ಜುತ್ತಿದ್ದವು. ಹಸಿ ಪಡವಲದ ವಾಸನೆ ಗೊತ್ತಿದ್ದವರಿಗೇ ಗೊತ್ತು. ಸಿಪ್ಪೆ ತುಸು ಗೀರಿದರೆ ಸಾಕು, ಒದ್ದೆ ಬಟ್ಟೆಯನ್ನು ಮೂರು ದಿನ ಮೂಲೆಯಲ್ಲಿ ಮುದುರಿಟ್ಟಂಥ ನಾತ ಮೂಗಿಗೆ ಅಡರುತ್ತದೆ. ಬೆಂದ ಮೇಲೆ ಹೋಗುತ್ತದೆ ಎನ್ನುತ್ತಾರೆ, ನನ್ನ ಮಟ್ಟಿಗೆ ಇವತ್ತಿನವರೆಗೂ ಹೋಗಿಲ್ಲ. ಹೊಸನಗರದಲ್ಲಿ ಎದ್ದು ಹಿಂದಿನ ಸೀಟಿಗೆ ಹೋದೆ. ಅಲ್ಲೂ ಕೂರಲಾಗದೆ ಬಾಗಿಲ ಹತ್ತಿರ ಬಂದು ಕಂಬಿ ಹಿಡಿದು ನಿಂತೆ. "ಎಂತ ಸಾರ್, ಸೀಟ್ ಖಾಲಿ ಇದ್ಯಲ್ಲ" ಎಂದ ಕಂಡಕ್ಟರ್. ಇರಲಿ ಎಂದೆ. ಜೋಗದ ಕ್ವಾರ್ಟರ್ಸಿನ ನಮ್ಮ ಹಿತ್ತಿಲು, ಅಲ್ಲಿನ ಚಪ್ಪರ, ಅದರ ಕೆಳಗೆ ಕತ್ತೆತ್ತಿ ನಿಂತ ಅತ್ತೆ ಎಲ್ಲ ಒಟ್ಟಿಗೇ ಎದುರಿಗೆ ಬಂದಿದ್ದವು. ಕೂತರೆ ಅಳು ಬರುತ್ತದೆಂದು ಸಾಗರದವರೆಗೂ ನಿಂತೇ ಬಂದೆ.

ಅಪ್ಪನಿಗೆ ಜೋಗದ ಪವರ್ ಹೌಸಿನಲ್ಲಿ ಶಿಫ್ಟಿನ ಕೆಲಸ. ಎರಡು ಕೋಣೆ, ಒಂದು ಅಡುಗೆಮನೆಯ ಕ್ವಾರ್ಟರ್ಸಿನಲ್ಲಿ ನಾವು ನಾಲ್ಕು ಜನ: ಅಪ್ಪ, ಅಮ್ಮ, ನಾನು, ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡ ಅತ್ತೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು. ತಾನು ಹಂಗಿನಲ್ಲಿದ್ದೇನೆ ಎಂದು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಒಂದು ಗಳಿಗೆಯೂ ಸುಮ್ಮನೆ ಕೂರಲಿಲ್ಲ. ಹಿತ್ತಿಲಿನ ಅಂಗೈಯಗಲ ಜಾಗದಲ್ಲಿ ಹಳೆಯ ತಂತಿ, ಬಿದಿರು ಕಟ್ಟಿ ಪಡವಲದ ಚಪ್ಪರ ಎಬ್ಬಿಸಿದಳು. ಸಂಜೆ ಬಿರಿಯುವ ಅದರ ಹೂವು ಬಿಳಿ ದಾರ ಬಿಡಿಸಿಟ್ಟಂತೆ ಇರುತ್ತಿತ್ತು, ಅದನ್ನು ಮಾತ್ರ ನಾನೂ ಮೆಚ್ಚುತ್ತಿದ್ದೆ. ಕಾಯಿ ಬೆರಳುದ್ದ ಆದಕೂಡಲೇ ಅತ್ತೆ ಬಾಳೆನಾರಿನಲ್ಲಿ ಒಂದೊಂದಕ್ಕೂ ಪುಟ್ಟ ಕಲ್ಲು ಕಟ್ಟುತ್ತಿದ್ದಳು. ಇಲ್ಲದಿದ್ದರೆ ಪಡವಲ ಡೊಂಕಾಗಿ ಸುತ್ತಿಕೊಳ್ಳುತ್ತದೆ. "ನಿಂಗೂ ಒಂದು ಕಲ್ಲು ಕಟ್ಬೇಕು ಕಣೋ, ಒಂದು ಕಡೆ ನಿಲ್ಲಲ್ಲ ನೀನು" ಎಂದು ನನ್ನನ್ನು ಗದರುತ್ತಿದ್ದಳು. ಅದು ಗದರಿಕೆಯಲ್ಲ, ಮುದ್ದು.

ಬೆಳೆದದ್ದನ್ನೆಲ್ಲ ತಿನ್ನಬೇಕಲ್ಲ! ಸೋಮವಾರ ಪಲ್ಯ, ಮಂಗಳವಾರ ಹುಳಿ, ಬುಧವಾರ ತಿರುಳಿನ ಚಟ್ನಿ. ಗುರುವಾರ ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಚಪ್ಪರದಲ್ಲಿ ಮತ್ತೆ ನಾಲ್ಕು ಇಳಿಬಿದ್ದಿರುತ್ತಿದ್ದವು. ತರಕಾರಿ ಸೇರದಿರುವುದಕ್ಕೆ ಜನರಿಗೆ ನೂರು ಕಾರಣ. ಹಾಗಲ ಕಹಿ, ಬೆಂಡೆ ಲೋಳೆ, ಕೆಸುವಿಗೆ ಹುಳಿ ಕಡಿಮೆಯಾದರೆ ಗಂಟಲಿಗೆ ತುರಿಕೆ. ಪಡವಲಕ್ಕೆ ಇಂಥ ದೊಡ್ಡ ಅಪರಾಧ ಯಾವುದೂ ಇಲ್ಲ. ನನಗೆ ಆ ನಾತ ಆಗುತ್ತಿರಲಿಲ್ಲ. ಅಮ್ಮನಿಗೆ ಅದರ ಸಪ್ಪೆ ರುಚಿ ಆಗುತ್ತಿರಲಿಲ್ಲ. ನಾನು ಮುಖ ಸಿಂಡರಿಸಿದರೆ ಅಮ್ಮ ಕಣ್ಣಲ್ಲೇ ಸುಮ್ಮನಿರಿಸುತ್ತಿದ್ದಳು, ಅತ್ತೆಗೆ ಗೊತ್ತಾಗಬಾರದಲ್ಲ. ಇನ್ನು ಅಪ್ಪನ ಪಾಡು ಬೇರೆಯೇ. ಅವನಿಗೂ ಪಡವಲ ಕಂಡರಾಗದು. ಬೇಡದ್ದು ಮೊದಲು ಹೊಟ್ಟೆಗೆ ಹೋಗಿಬಿಡಲಿ, ಆಮೇಲೆ ನೆಮ್ಮದಿಯಾಗಿ ಉಣ್ಣಬಹುದು ಎಂದು ತಟ್ಟೆಗೆ ಬಿದ್ದ ಕೂಡಲೇ ಪಲ್ಯವನ್ನೇ ಗಬಗಬ ಮುಗಿಸುತ್ತಿದ್ದ. ಅತ್ತೆ ಅದನ್ನು ನೋಡಿ ಹಿಗ್ಗುತ್ತಿದ್ದಳು. "ನೋಡು, ನನ್ನ ತಮ್ಮಂಗೆ ಪಡವಲ ಅಂದ್ರೆ ಜೀವ" ಎನ್ನುತ್ತ ಮತ್ತೊಂದು ಸೌಟು. ಅದನ್ನೂ ಮೊದಲು ಮುಗಿಸಿದರೆ ಇನ್ನೊಂದು. ನಾನು ತಲೆ ತಗ್ಗಿಸಿ ನಗು ತಡೆದುಕೊಳ್ಳುತ್ತಿದ್ದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಊರಿನಲ್ಲಿದ್ದ ಅಜ್ಜಿ, ಅಪ್ಪನ ಅಮ್ಮ, ತೀರಿಕೊಂಡಳು. ಅಪ್ಪ ಅವಳ ಅಸ್ಥಿ ತೆಗೆದುಕೊಂಡು ಕಾಶಿಗೆ ಹೊರಟ. ಕಾಶಿಗೆ ಹೋದವರು ತಮಗೆ ಬಲು ಇಷ್ಟವಾದ ಒಂದು ತರಕಾರಿಯನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಬಿಟ್ಟಿದ್ದನ್ನು ಸಾಯುವತನಕ ಮುಟ್ಟಬಾರದು ಎಂಬ ಪದ್ಧತಿ ನಮ್ಮಲ್ಲಿದೆ. ಹೊರಡುವ ಹಿಂದಿನ ದಿನ ಅಪ್ಪ ಶೂ ಒರೆಸುತ್ತಿದ್ದಾಗ ನಾನೇ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ: "ಅಪ್ಪಾ, ಪಡವಲ ಬಿಟ್ಟು ಬಾ." ಅಪ್ಪ ನನ್ನನ್ನೇ ನೋಡಿ, ಅಡುಗೆಮನೆಯ ಕಡೆ ಒಮ್ಮೆ ತಿರುಗಿ, "ಎಲಾ ಕಳ್ಳ!" ಎಂದು ಬೆನ್ನಿಗೆ ಗುದ್ದಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ ನನ್ನದು ಎಂದು ನನಗೆ ಭಾರಿ ಹೆಮ್ಮೆ.

ಎರಡು ವಾರದ ಮೇಲೆ ಅಪ್ಪ ಬಂದ. ಗಂಗೆಯ ತಂಬಿಗೆ ದೇವರ ಮುಂದಿಟ್ಟು ಇನ್ನೂ ಕೈ ಮುಗಿದಿರಲಿಲ್ಲ, ಅತ್ತೆ ಕೇಳಿದಳು, "ಎಂತ ಬಿಟ್ಟು ಬಂದ್ಯೋ?" ಅಪ್ಪ ನನ್ನ ಕಡೆ ನೋಡದೆ "ಪಡವಲ" ಎಂದ. ಅತ್ತೆಯ ಕಣ್ಣು ತುಂಬಿಬಿಟ್ಟಿತು. "ಅದನ್ನೇ ಬಿಟ್ಯಾ? ಅಮ್ಮಂಗೋಸ್ಕರ ಅದನ್ನೇ ಬಿಟ್ಯಾ?" ಎಂದವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಹಿತ್ತಿಲಲ್ಲಿ ಚಪ್ಪರ ಇರಲಿಲ್ಲ. ಬಳ್ಳಿ ಸುರುಳಿಯಾಗಿ ಮೂಲೆಯಲ್ಲಿ ಬಿದ್ದಿತ್ತು. "ತಿನ್ನೋನೇ ಬಿಟ್ಮೇಲೆ ಯಾರಿಗೆ ಬೆಳೀಲಿ?" ಎಂದಳು ಅತ್ತೆ, ಅಷ್ಟೇ. ಅಪ್ಪ ಅಂದು ಸಂಜೆ ಹಿತ್ತಿಲಿಗೂ ಜಗಲಿಗೂ ಎಷ್ಟು ಸಲ ತಿರುಗಿದನೋ. "ಅಕ್ಕಾ, ಒಂದು ಮಾತು" ಎಂದು ಎರಡು ಸಲ ಬಾಯಿ ತೆರೆದ. "ಸುಮ್ನಿರು, ನೀ ಮಾಡಿದ್ದು ದೊಡ್ಡದು" ಎಂದು ಅವಳು ತಡೆದಳು. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು ಅವನಿಗೆ. ಅತ್ತೆ ಅಲ್ಲಿ ಬೇರೇನನ್ನೂ ನೆಡಲಿಲ್ಲ. ಮಧ್ಯಾಹ್ನದ ಹೊತ್ತು ಹಿಂಬಾಗಿಲಲ್ಲಿ ಕೈ ಮಡಿಲಲ್ಲಿಟ್ಟು ಕೂರತೊಡಗಿದಳು. ಅವಳು ಹಾಗೆ ಕೂತಿದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ತಟ್ಟೆಯಿಂದ ಪಡವಲ ಹೋಯಿತೆಂದು ಕುಣಿಯಬೇಕಾದವನು ಆ ಹಿಂಬಾಗಿಲಲ್ಲಿ ಓಡಾಡುವುದನ್ನೇ ಬಿಟ್ಟೆ.

ಅಪ್ಪ ರಿಟೈರ್ ಆದ ಮೇಲೆ ನಾವು ಸಾಗರಕ್ಕೆ ಬಂದೆವು. ಜೋಗದ ಆ ಸಾಲಿನ ಮನೆಗಳಿಗೆ ಈಗ ಸೂರಿಲ್ಲ, ಬಾಗಿಲಿಲ್ಲ. ಮೊದಲು ಅಮ್ಮ ಹೋದಳು, ಕೆಲವು ವರ್ಷಗಳ ಮೇಲೆ ಅಪ್ಪನೂ. ಕಾಶಿಯ ಆ ಗುಟ್ಟು ಮಾತ್ರ ನನ್ನೊಳಗೇ ಉಳಿಯಿತು. ಅಪ್ಪನ ವರ್ಷದ ತಿಥಿಯ ದಿನ, ಎಂಬತ್ತು ದಾಟಿದ ಅತ್ತೆ ತಾನೇ ಈಳಿಗೆಮಣೆ ಎಳೆದುಕೊಂಡು ಪಡವಲ ಹೆಚ್ಚಲು ಕೂತಳು. "ಸತ್ಮೇಲೆ ಎಂತ ವ್ರತ? ಈಗಾದ್ರೂ ಹೊಟ್ಟೆ ತುಂಬ ತಿನ್ಲಿ" ಎಂದಳು. ಎಡೆಯನ್ನು ಹಿಂದಿನ ಕಟ್ಟೆಯ ಮೇಲಿಟ್ಟೆವು. ಕಾಗೆ ಬಂತು, ವಡೆ ಎತ್ತಿಕೊಂಡು ಹೋಯಿತು. ಮತ್ತೆ ಬಂತು, ಪಾಯಸಕ್ಕೆ ಕೊಕ್ಕು ಹಾಕಿತು. ಪಡವಲದ ಪಲ್ಯ ಇಟ್ಟಲ್ಲೇ ಇತ್ತು. ಅತ್ತೆಯ ಮುಖ ಸಣ್ಣದಾಗುತ್ತ ಬಂತು. "ಅವಂಗೆ ನನ್ ಮೇಲೆ ಏನಾರೂ ಬೇಜಾರಿತ್ತೇನೋ?" ಎಂದಳು. ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಅಪ್ಪಂಗೆ ಪಡವಲ ಸೇರ್ತಾನೇ ಇರ್ಲಿಲ್ಲ. ಕಾಶೀಲಿ ಅದನ್ನ ಬಿಟ್ಟು ಬಾ ಅಂತ ಹೇಳಿಕೊಟ್ಟಿದ್ದೂ ನಾನೇ."

"ಮತ್ತೆ ಮೊದ್ಲು ಅದನ್ನೇ ತಿಂತಿದ್ನಲ್ಲೋ?"

"ಬೇಗ ಮುಗೀಲಿ ಅಂತ."

"ಅಯ್ಯೋ ದೇವ್ರೇ! ನಾನು ಮತ್ತೆ ಮತ್ತೆ ಹಾಕ್ತಿದ್ನಲ್ಲೋ!" ಎಂದವಳು ನಗತೊಡಗಿದಳು. ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ನಂಗಾದ್ರೂ ಎಲ್ಲಿ ಸೇರ್ತಿತ್ತು ಮಾರಾಯ? ಹೆಚ್ಚೋವಾಗ ಆ ನಾತಕ್ಕೆ ಉಸಿರು ಬಿಗಿಹಿಡೀತಿದ್ದೆ. ಮೊದಲನೇ ಸಲ ಮಾಡಿದಾಗ ಅವನು ಗಬಗಬ ತಿಂದ. ಅನ್ನ ಹಾಕೋ ತಮ್ಮ, ಅವನ ಬಾಯಿಗೆ ರುಚಿಯಾದ್ದು ಬೆಳೆಯೋಣ ಅಂತ ಮಾಡಿದ್ದು" ಎಂದಳು. ನಾನೂ ನಕ್ಕೆ. ನಾಲ್ಕು ಜನರ ಮನೆಯಲ್ಲಿ ನಾಲ್ವರಿಗೂ ಬೇಡದ ಕಾಯಿಯನ್ನು ಅಷ್ಟು ವರ್ಷ ಬೆಳೆದು, ಹೆಚ್ಚಿ, ಬೇಯಿಸಿ ತಿಂದಿದ್ದೆವು. ಎಂಥ ಪೆದ್ದರು ನಾವು, ಎಷ್ಟು ಪ್ರೀತಿಯ ಪೆದ್ದರು! ಅಂದು ನನ್ನ ಎದೆ ಹಗುರಾಯಿತು. ಇನ್ನು ಏನೂ ಬಾಕಿಯಿಲ್ಲ ಎಂದುಕೊಂಡೆ.

ಅತ್ತೆ ಹೋಗಿ ಈಗ ವರ್ಷವಾಗುತ್ತ ಬಂತು. ಮಕ್ಕಳಿಲ್ಲದ ಅವಳಿಗೆ ನಾನೇ ತಿಥಿ ಮಾಡಬೇಕು. ಬಸ್ಸಿಳಿದು ಮನೆಗೆ ಬಂದವನಿಗೆ ಅಡುಗೆಯವರ ಫೋನ್ ಬಂತು. ತರಕಾರಿಯ ಪಟ್ಟಿ ಓದಿ, "ಅವರಿಗೆ ಇಷ್ಟದ್ದು ಎಂತದು ಹೇಳಿ, ಅದೊಂದು ಸೇರಿಸ್ಕೊಳ್ತೀನಿ" ಎಂದರು. ಹೇಳಲು ಬಾಯಿ ತೆರೆದೆ. ನಮಗೆಲ್ಲ ಬಡಿಸಿ, ನಾವು ಎದ್ದು ಹೋದ ಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಒಬ್ಬಳೇ ಉಣ್ಣುತ್ತಿದ್ದಳು ಅತ್ತೆ. ಅವಳು ಯಾವುದನ್ನು ಚಪ್ಪರಿಸಿದಳು, ಯಾವುದನ್ನು ಬದಿಗೆ ಸರಿಸಿದಳು ಎಂದು ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಅಂದು ನಗುತ್ತಿದ್ದಾಗಲಾದರೂ, ಹಾಗಾದರೆ ನಿನಗೇನು ಇಷ್ಟ ಅತ್ತೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಫೋನಿನಲ್ಲಿ ಅವರು "ಹಲೋ, ಹಲೋ" ಎನ್ನುತ್ತಿದ್ದರು.

"ನಾಳೆ ಹೇಳ್ತೀನಿ" ಎಂದೆ. ಯಾರನ್ನು ಕೇಳಿ ಹೇಳಲಿ?