ಶಾಲಿನ ಬಣ್ಣ

ನನ್ನ ಚಿಕ್ಕಮ್ಮ ಅರ್ಧ ಆಯಸ್ಸನ್ನು ಫೋಟೋ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಕಳೆದವಳು. ಕಪ್ಪು-ಬಿಳುಪು ಫೋಟೋಗಳಿಗೆ ಕುಂಚದಿಂದ ಬಣ್ಣ ಹಚ್ಚುವುದು ಅವಳ ಕೆಲಸ. ನಮ್ಮ ಬೀದಿಯ ಮನೆಗಳ ಗೋಡೆಯಲ್ಲಿರುವ ಹಳೆಯ ಮದುಮಗಳಂದಿರ ಕೆನ್ನೆ ಕೆಂಪಾಗಿದ್ದರೆ ಅದು ನಾಚಿಕೆಯಿಂದಲ್ಲ, ಚಿಕ್ಕಮ್ಮನ ದಯೆಯಿಂದ.

ಒಂದು ಫೋಟೋವನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಅದು ಅವಳ ಅಮ್ಮನದು. ಚಿಕ್ಕಮ್ಮ ಮಾತು ಕಲಿಯುವ ಮೊದಲೇ ತೀರಿಕೊಂಡ ಆಕೆ ಹೆಗಲ ಮೇಲೆ ಶಾಲು ಹೊದ್ದು ನಿಂತಿರುವ ಒಂದೇ ಒಂದು ಫೋಟೋ. ಹಚ್ಚಿದ ಬಣ್ಣವನ್ನು ವಾಪಸ್ ತೆಗೆಯುವುದಕ್ಕಾಗುವುದಿಲ್ಲ. ಸಾಲದ್ದಕ್ಕೆ ಶಾಲಿನ ಬಣ್ಣ ಯಾವುದೆಂದೂ ಅವಳಿಗೆ ಗೊತ್ತಿರಲಿಲ್ಲ. ಅಕ್ಕನನ್ನು, ಅಂದರೆ ನನ್ನ ಅಮ್ಮನನ್ನು, ಕೇಳಿದಾಗಲೆಲ್ಲ ಒಂದೇ ಉತ್ತರ: "ಹಸಿರು. ಹಸಿರೂ ಅಲ್ಲ. ಹೇಳೋಕೆ ಬರಲ್ಲ ಕಣೇ."

ಕೊನೆಗೆ ನಾನೇ ಆ ಫೋಟೋವನ್ನು ಸ್ಕ್ಯಾನ್ ಮಾಡಿ, ಚಿತ್ರ ಬರೆಯುವ ನನ್ನ ಟ್ಯಾಬ್ಲೆಟ್ಟಿಗೆ ಹಾಕಿ ಅವಳ ಮಡಿಲಲ್ಲಿಟ್ಟೆ. ಅವಳು ಮೊದಲು ಮಾಡಿದ ಕೆಲಸವೆಂದರೆ ಅದರ ಪೆನ್ನಿನ ತುದಿಯನ್ನು ಕುಂಚದ ಹಾಗೆ ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡದ್ದು. ಒಂದು ಗೆರೆ ಎಳೆದು, ಒಣಗಲೆಂದು ಪರದೆಯ ಮೇಲೆ ಉಫ್ ಎಂದು ಊದಿದಳು. ನನಗೆ ನಗು ತಡೆಯಲಾಗಲಿಲ್ಲ.

ಲೇಯರ್ ಎಂದರೇನೆಂದು ತೋರಿಸಿದೆ. ಕೆಳಗೆ ಫೋಟೋ, ಅದರ ಮೇಲೆ ಗಾಜಿನಂಥ ಹಾಳೆ, ಬಣ್ಣ ಬೀಳುವುದು ಆ ಹಾಳೆಗೆ ಮಾತ್ರ. ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿದರೆ ಬಣ್ಣವೆಲ್ಲ ಮಾಯ, ಫೋಟೋ ಇದ್ದ ಹಾಗೇ ಇರುತ್ತದೆ. ಅವಳು ಒತ್ತಿದಳು. ಮತ್ತೆ ಒತ್ತಿದಳು.

"ಅಮ್ಮಂಗೆ ಏನೂ ಆಗಲ್ವಾ?"

"ಏನೂ ಆಗಲ್ಲ ಚಿಕ್ಕಮ್ಮ."

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಕಂಡ ಕಂಡ ಗುಂಡಿಯನ್ನೆಲ್ಲ ಒತ್ತಿ ನೋಡಿದಳು. ಶಾಲಿಗೆ ದಪ್ಪಗೆ ಹಸಿರು ಮೆತ್ತಿದಳು. ನಾನು ಒಂದು ಗುಂಡಿ ಒತ್ತಿ, ಅಡಿಯ ಫೋಟೋ ಕಾಣುವ ಹಾಗೆ ಲೇಯರಿನ ಬಗೆ ಬದಲಿಸಿದೆ. ಬಣ್ಣ ಬಟ್ಟೆಯೊಳಕ್ಕೆ ಇಳಿಯಿತು, ಮುಚ್ಚಿಹೋಗಿದ್ದ ಮಡಿಕೆಗಳೆಲ್ಲ ಎದ್ದು ಬಂದವು. ಚಿಕ್ಕಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಜೀವಮಾನವಿಡೀ ತಾನು ಬಣ್ಣ ತೆಳು ಮಾಡಿ ಮಾಡಿ ಸಾಧಿಸಿದ್ದು ಕಣ್ಣೆದುರಿಗೇ ಒಂದು ಕ್ಷಣದಲ್ಲಿ ಆಗಿಹೋಗಿತ್ತು. ನನಗೆ ದಿನನಿತ್ಯದ ಆ ಗುಂಡಿ ಅವಳ ಮುಖ ನೋಡಿದ ಮೇಲೆ ನನಗೂ ಪವಾಡವಾಗಿ ಕಂಡಿತು.

ಬಣ್ಣ ಬದಲಿಸುವ ಪಟ್ಟಿಯನ್ನು ಅವಳು ಮೆಲ್ಲಗೆ ಜಾರಿಸತೊಡಗಿದಳು. ಶಾಲು ಹಳದಿಯಾಯಿತು, ಎಲೆಹಸಿರಾಯಿತು, ನೀಲಿಯ ಕಡೆಗೆ ವಾಲಿತು. ಪಾತ್ರೆ ಒರೆಸುತ್ತಾ ಬಂದ ಅಮ್ಮ ಅವಳ ಹಿಂದೆಯೇ ನಿಂತುಬಿಟ್ಟಳು.

"ಅಲ್ಲೇ ನಿಲ್ಸು. ಸ್ವಲ್ಪ ಹಿಂದಕ್ಕೆ. ಹಾಂ, ಅದೇ."

ಹಸಿರೂ ಅಲ್ಲದ, ನೀಲಿಯೂ ಅಲ್ಲದ, ನಮ್ಮಲ್ಲಿ ಯಾರೂ ಹೆಸರಿಡದ ಬಣ್ಣ ಅದು. ಅಮ್ಮ ಪಾತ್ರೆಯನ್ನು ಕೆಳಗಿಟ್ಟು ತಂಗಿಯ ಪಕ್ಕ ಕೂತಳು.

"ಅಮ್ಮ ಇದ್ರಲ್ಲೇ ನಿನ್ನ ಸುತ್ಕೊಂಡು ಮನೆ ತುಂಬಾ ಓಡಾಡೋಳು," ಎಂದಳು.

"ನನ್ನನ್ನಾ?"

"ನಿನ್ನನ್ನೇ. ಯಾರು ಕೇಳಿದ್ರೂ ಕೆಳಗಿಳಿಸ್ತಾ ಇರ್ಲಿಲ್ಲ."

ತನ್ನಮ್ಮನ ತೋಳು ಹೇಗಿತ್ತೆಂದು ತಿಳಿಯದೇ ಮುದುಕಿಯಾದ ಚಿಕ್ಕಮ್ಮ ಪೆನ್ನನ್ನು ಬದಿಗಿಟ್ಟು, ಆ ಬಣ್ಣದ ಮೇಲೆ ಅಂಗೈ ಊರಿ ಕೂತಳು.