ರಾಣಿಯ ಬಾಗಿಲ ಕಾವಲುಗಾರ

ಜೈಲಿನಲ್ಲಿ ಮೂವತ್ತೊಂದು ವರ್ಷ ಕಾವಲು ಕಾದು ನಿವೃತ್ತನಾದ ಆ ಮುದುಕನನ್ನು ಓಣಿಯವರೆಲ್ಲ ‘ಬೀಗದಜ್ಜ’ ಎಂದೇ ಕರೆಯುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಅವನಿಗೆ ಉಳಿದದ್ದು ಕಿವಿಯೊಂದೇ. ಸೊಸೆ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಹೊಸದಾಗಿ ಬಂದ ಪುಸ್ತಕಗಳಿಗೆ ಹೊದಿಕೆ ಹಾಕಿ, ಬೆನ್ನಿಗೆ ನಂಬರಿನ ಚೀಟಿ ಅಂಟಿಸುವುದು ಅವಳ ಪಾಲಿನ ಕೆಲಸ. ಭಾನುವಾರ ಮಧ್ಯಾಹ್ನ ಕೆಲವನ್ನು ಮನೆಗೆ ತಂದು, ಅಂಟು ಒಣಗುವವರೆಗೆ ಮಾವನಿಗೆ ಓದಿ ಹೇಳುತ್ತಿದ್ದಳು.

ಆ ಸಲ ತಂದದ್ದು ಇಂಗ್ಲೆಂಡಿನ ರಾಜಮನೆತನದ ನಾಲ್ಕು ಕಾದಂಬರಿ. ಮೊದಲನೆಯದು ಆರು ಹೆಂಡಿರ ರಾಜನ ಕಥೆ; ಅದಕ್ಕೆ ಮುದುಕ ಹೊಟ್ಟೆ ಹಿಡಿದು ನಕ್ಕ. “ಆರು ಮದುವೆನಾ! ನನಗೆ ಒಂದಕ್ಕೇ ಸಾಕುಸಾಕಾಗಿತ್ತು. ನಿಮ್ಮತ್ತೆ ಇದ್ದು ಕೇಳಿಸ್ಕೊಂಡಿದ್ರೆ ನನ್ನ ಕಥೆ ಮುಗೀತಿತ್ತು.”

ಎರಡನೆಯದರಲ್ಲಿ ನಗು ನಿಂತಿತು. ಎಳೆಯ ವಯಸ್ಸಿನ ರಾಣಿಯೊಬ್ಬಳು ಕೋಟೆಯಲ್ಲಿ ಸೆರೆಯಾಗಿದ್ದಾಳೆ. ಬೆಳಗಾದರೆ ಅವಳ ತಲೆ ಉರುಳಬೇಕು. ಕಾವಲುಗಾರ ಬಾಗಿಲು ತೆರೆದ ಎಂಬಲ್ಲಿಗೆ ಬಂದಾಗ, “ಸಾಕು, ಮುಚ್ಚು” ಎಂದ ಮುದುಕ. ತಡವರಿಸಿಕೊಂಡು ಹೋಗಿ ಬಾಗಿಲ ಚಿಲಕ ಹಾಕಿ ಬಂದ.

ಆಮೇಲೆ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಪುಸ್ತಕವಿದ್ದ ಮೇಜಿನ ಹತ್ತಿರ ಸುಳಿಯದೆ, ಗೋಡೆ ಸವರಿಕೊಂಡು ಸುತ್ತು ಹಾಕಿ ಹೋಗುತ್ತಿದ್ದ. ಯಾರಾದರೂ ಬಾಗಿಲು ತೆರೆದರೆ ಬೆಚ್ಚಿಬೀಳುತ್ತಿದ್ದ. ಕೊನೆಗೆ ಸೊಸೆಯನ್ನು ಕರೆದು ಕೇಳಿದ:

“ಆ ರಾಣಿ ಕಾವಲುಗಾರನ್ನ ಏನಾದ್ರೂ ಕೇಳ್ತಾಳಾ? ಮೊದಲೇ ಓದ್ಕೊಂಡು ಹೇಳಿಬಿಡಮ್ಮ.”

“ಕೇಳಿದ್ರೆ ಏನು ಮಾವ?”

“ಒಬ್ಬನ್ನ ನೇಣಿಗೆ ನಾನೇ ಕರ್ಕೊಂಡು ಹೋಗಿದ್ದೆ. ಇಪ್ಪತ್ತೆರಡು ವರ್ಷದವನು. ‘ಅಣ್ಣಾ, ತುಂಬಾ ನೋಯುತ್ತಾ?’ ಅಂದ. ‘ಬಾಯಿ ಮುಚ್ಕೊಂಡು ನಡಿ’ ಅಂದೆ. ನನಗೂ ಭಯ ಆಗಿತ್ತು ಕಣಮ್ಮ. ಕಣ್ಣಿದ್ದಾಗ ಪರವಾಗಿರಲಿಲ್ಲ. ಈಗ ಅವನು ಎಲ್ಲಿ ನಿಂತಿದಾನೋ ಗೊತ್ತಾಗಲ್ಲ.”

ಸೊಸೆ ಪುಸ್ತಕ ಎತ್ತಿಕೊಂಡಳು. ಅಡುಗೆಮನೆಗೆ ಹೋಗಿ ಉಳಿದ ಪುಟಗಳನ್ನು ಓದಿಕೊಂಡಳು. ‘ಏನೂ ಕೇಳಲ್ಲ’ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ವರ್ಷ ಕೈದಿಗಳ ಸುಳ್ಳು ಕೇಳಿದ ಕಿವಿ ಅದು.

“ಕೇಳ್ತಾಳೆ ಮಾವ. ಮೆಟ್ಟಿಲು ಜಾರುತ್ತೆ, ಕೈ ಕೊಡ್ತೀಯಾ ಅಂತ.”

“ಅವನು?”

“ಕೊಡ್ತಾನೆ.”

ಮುದುಕ ತನ್ನ ಅಂಗೈ ಸವರಿಕೊಂಡ. “ನಾನೂ ಕೊಡಬಹುದಿತ್ತು” ಎಂದ. ಆಮೇಲೆ, “ಓದು” ಎಂದ.

ಅವಳು ಕೊನೆಯವರೆಗೂ ಓದಿದಳು. ಮಾವ ಅವಳ ಮುಂಗೈ ಹಿಡಿದುಕೊಂಡಿದ್ದ. ಉಗುರಿನ ಗುರುತು ಎರಡು ದಿನ ಹೋಗಲಿಲ್ಲ.

ಭಯ ಬಿಟ್ಟುಹೋಯಿತು ಎನ್ನುವಂತಿಲ್ಲ. ಈಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ. ಆದರೆ ಒಂದು ದಿನ ಊಟದ ನಡುವೆ ತಾನಾಗಿಯೇ, “ಆ ಹುಡುಗ ಚೆನ್ನಾಗಿ ಹಾಡ್ತಿದ್ದ, ಗೊತ್ತಾ?” ಎಂದ. ಮೂವತ್ತು ವರ್ಷ ಯಾರಿಗೂ ಹೇಳದ ಅವನ ಹೆಸರನ್ನು ಹೇಳಿದ. ಈಗ ಮಾವನೇ ಹೇಳುತ್ತಿದ್ದ, ಸೊಸೆ ಕೇಳುತ್ತಿದ್ದಳು; ಉಳಿದೆರಡು ಕಾದಂಬರಿಗಳನ್ನು ಅವಳು ಓದದೆಯೇ ಹೊದಿಕೆ ಹಾಕಿ ಗ್ರಂಥಾಲಯಕ್ಕೆ ಹಿಂತಿರುಗಿಸಿದಳು.